ಗೋಡೆಯೊಳಗೆ ಸಿಕ್ಕಿಕೊಂಡ ತೇವ: ಕೊಟ್ಟಿಗೆ ಮತ್ತು ಹಿಂಡಿ ಕೋಣೆಯ ಚೌಕಟ್ಟಿನ ಗೋಡೆಗಳ ರಕ್ಷಣೆ



ಮಳೆಗಾಲ ಕಳೆದು ಬಿಸಿಲು ಬಿದ್ದ ಕೂಡಲೇ ನಾವು ಒಡೆದ ಹೆಂಚು ಬದಲಿಸುತ್ತೇವೆ, ಅಂಗಳ ಕೆತ್ತಿ ಸೆಗಣಿ ಸಾರಿಸುತ್ತೇವೆ, ಕೊಟ್ಟಿಗೆಯಲ್ಲಿ ಸೋರಿದ ಮೂಲೆ ಯಾವುದೆಂದು ನೋಡುತ್ತೇವೆ. ಗೋಡೆಯ ಒಳಗೆ ಏನಾಗಿದೆ ಎಂದು ನೋಡುವವರು ಮಾತ್ರ ಕಡಿಮೆ. ಹೊರಗಿನಿಂದ ನೆಟ್ಟಗೆ ನಿಂತಿದ್ದರೆ ಗೋಡೆ ಚೆನ್ನಾಗಿದೆ ಎಂದೇ ತಿಳಿಯುತ್ತೇವೆ. ಈ ಸಂಚಿಕೆಯಲ್ಲಿ ಆ ಒಳಗಿನ ಸಂಗತಿಯನ್ನು ತಿಳಿದುಕೊಳ್ಳೋಣ. ಇದು ಮನೆ ಕಟ್ಟುವವರ ವಿಷಯ, ಹೈನುಗಾರರಿಗೆ ಏಕೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಹಿಂಡಿ ಚೀಲ ಒರಗಿರುವುದು ಆ ಗೋಡೆಗೆ, ಕರು ಮಲಗುವುದು ಅದರ ಬುಡದಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಓದಿರಿ.

ಯಾವ ಗೋಡೆಯ ಮಾತು?

ಕಲ್ಲು, ಇಟ್ಟಿಗೆ ಅಥವಾ ಜಂಬಿಟ್ಟಿಗೆ ಕಟ್ಟಿ ಏರಿಸಿದ ಗೋಡೆ ಒಂದು ಬಗೆ. ಅದು ತಾನೇ ಭಾರ ಹೊರುತ್ತದೆ. ಮರದ ಕಂಬ ಅಥವಾ ಕಬ್ಬಿಣದ ಆಂಗಲ್ ನಿಲ್ಲಿಸಿ, ನಡುವಿನ ಜಾಗವನ್ನು ಬೇರೇನಾದರೂ ಹಾಕಿ ಮುಚ್ಚಿದ್ದು ಇನ್ನೊಂದು ಬಗೆ. ಇದನ್ನೇ ಚೌಕಟ್ಟಿನ ಗೋಡೆ ಎನ್ನುವುದು. ಮಲೆನಾಡಿನಲ್ಲಿ ಕಂಬಗಳ ನಡುವೆ ಬಿದಿರು ಇಲ್ಲವೇ ಅಡಿಕೆ ದಬ್ಬೆಯ ತಡಿಕೆ ಕಟ್ಟಿ, ಎರಡೂ ಕಡೆ ಹುಲ್ಲು, ಸೆಗಣಿ ಸೇರಿಸಿ ತುಳಿದ ಮಣ್ಣು ಮೆತ್ತಿದ ಗೋಡೆಗಳು ಇಂದಿಗೂ ಇವೆ. ಈಚೆಗೆ ಕಬ್ಬಿಣದ ಚೌಕಟ್ಟಿಗೆ ಹೊರಗೆ ತಗಡಿನ ಶೀಟು, ಒಳಗೆ ಪ್ಲೈವುಡ್ ಇಲ್ಲವೇ ಸಿಮೆಂಟ್ ಹಲಗೆ ಹೊಡೆದ ಹಿಂಡಿ ಕೋಣೆಗಳೂ ಬಂದಿವೆ. ತಡಿಕೆ ಗೋಡೆಗೂ ತಗಡಿನ ಗೋಡೆಗೂ ನೋಡಲು ಸಂಬಂಧವಿಲ್ಲ. ತೇವದ ವಿಷಯದಲ್ಲಿ ಮಾತ್ರ ಎರಡೂ ಒಂದೇ ಜಾತಿ. ಹೊರಮೈ, ಒಳಮೈ, ನಡುವೆ ಕಣ್ಣಿಗೆ ಕಾಣದ ಒಂದು ಜಾಗ. ನೀರು ಹೊಕ್ಕು ಕೂರುವುದು ಆ ನಡುವಿನ ಜಾಗದಲ್ಲಿಯೇ.

ಭದ್ರ ಮಾಡಲು ಹೋಗಿ ಆದ ನಷ್ಟ

ಮಲೆನಾಡಿನ ಒಂದು ಹಳ್ಳಿಯ ಸದಸ್ಯರ ಮನೆಗೆ ಹೋಗಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಐದು ಹಸುಗಳ ಕೊಟ್ಟಿಗೆ. ಪಕ್ಕದಲ್ಲಿ ಹಿಂಡಿ ಇಡುವ ಕೋಣೆ. ಅದರ ಪಡುವಣ ಗೋಡೆ ಅವರ ತಂದೆಯ ಕಾಲದ ತಡಿಕೆ ಗೋಡೆ. ನಲವತ್ತು ಮಳೆಗಾಲ ಕಂಡಿದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಮಣ್ಣು ಮೆತ್ತುವ ಕೆಲಸ ಬೇಸರವೆನಿಸಿ ಅವರು ಹೊರಮೈಗೆ ಸಿಮೆಂಟ್ ಗಿಲಾವು ಮಾಡಿಸಿದರು. ಅದರ ಮೇಲೆ ಪೇಂಟ್ ಹೊಡೆಸಿದರು. ಒಳಗೆ ತೇವ ಬರದಿರಲೆಂದು ದಪ್ಪ ಪ್ಲಾಸ್ಟಿಕ್ ಹಾಳೆ ಹರಡಿ, ಮೇಲೆ ಪ್ಲೈವುಡ್ ಹೊಡೆಸಿದರು. ಕೋಣೆ ಹೊಸದರಂತೆ ಕಂಡಿತು.

ಮೂರನೆಯ ಮಳೆಗಾಲ ಮುಗಿಯುವಾಗ ಕೋಣೆಯಲ್ಲಿ ಮುಗ್ಗಲು ವಾಸನೆ ಬಂತು. ಚೀಲಗಳ ಬೆನ್ನಿನಲ್ಲಿ ಹಸಿರು ಬೂಷ್ಟು ಕಂಡಿತು. ನಾವು ಪ್ಲೈವುಡ್ಡಿನ ಕೆಳಗಿನ ಒಂದು ಹಲಗೆ ಕಿತ್ತೆವು. ಪ್ಲಾಸ್ಟಿಕ್ಕಿನ ಹಿಂದೆ ನೀರು ಹನಿಹನಿಯಾಗಿ ಇಳಿದಿತ್ತು. ದಬ್ಬೆ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಮೂಲೆಯ ಕಂಬದ ಬುಡಕ್ಕೆ ಮೊಳೆ ಒತ್ತಿದರೆ ಸುತ್ತಿಗೆಯ ಅಗತ್ಯವೇ ಇರಲಿಲ್ಲ, ಕೈಯಲ್ಲೇ ಪೂರ್ತಿ ಒಳಗೆ ಹೋಯಿತು.

“ಅಲ್ಲ ಸಾರ್, ಖರ್ಚು ಮಾಡಿ ಭದ್ರ ಮಾಡಿಸಿದ್ದೇ ಹಾಳಾಯ್ತಲ್ಲ. ಅಪ್ಪ ಮಾಡಿದ್ದು ಹಾಗೇ ಇತ್ತು” ಎಂದರು ಅವರು.

ಅವರ ಮಾತು ಸರಿ. ಹಳೆಯ ಗೋಡೆಗೂ ಪ್ರತಿ ವರ್ಷ ನೀರು ಹೋಗುತ್ತಿತ್ತು. ಆದರೆ ಮಣ್ಣಿನ ಮೈ ಉಸಿರಾಡುತ್ತಿತ್ತು. ಆಷಾಢದಲ್ಲಿ ಹೀರಿದ್ದನ್ನು ಮಾಘದೊಳಗೆ ಎರಡೂ ಕಡೆಯಿಂದ ಬಿಟ್ಟುಕೊಡುತ್ತಿತ್ತು. ಹೊಸ ಗೋಡೆಗೆ ನೀರು ಬರುವ ದಾರಿ ಉಳಿಯಿತು, ಹೋಗುವ ದಾರಿ ಎರಡೂ ಕಡೆ ಮುಚ್ಚಿತು. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಗಿಲಾವು ಅದರೊಂದಿಗೆ ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಹಾಗಾಗಿ ಚೌಕಟ್ಟಿನ ಮೇಲಿನ ಗಿಲಾವಿನಲ್ಲಿ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಗಾಳಿಮಳೆಯ ನೀರು ಆ ಬಿರುಕಿನಲ್ಲಿ ಸುಲಭವಾಗಿ ಒಳಗೆ ಎಳೆಯಲ್ಪಡುತ್ತದೆ. ಆದರೆ ಒಳಗಿನದು ಆವಿಯಾಗಿ ಹೊರಬರಲು ಅಷ್ಟು ಸಣ್ಣ ಬಿರುಕು ಏನೇನೂ ಸಾಲದು.

ಮರ ಕೊಳೆಯುವುದು ನೀರಿನಿಂದಲ್ಲ, ನೀರಿದ್ದಾಗ ಬೆಳೆಯುವ ಶಿಲೀಂಧ್ರದಿಂದ. ಮರದ ಒಣತೂಕದ ಶೇ. 20ಕ್ಕಿಂತ ಕಡಿಮೆ ತೇವವಿದ್ದರೆ ಆ ಶಿಲೀಂಧ್ರ ಬೆಳೆಯಲಾರದು. ಶೇ. 28–30 ದಾಟಿ ಬಹಳ ಕಾಲ ನಿಂತರೆ ಕೊಳೆತ ಖಚಿತ. ಆದ್ದರಿಂದ ಗೋಡೆ ಒಮ್ಮೆ ನೆನೆಯಿತೆಂದು ಗಾಬರಿಯಾಗಬೇಕಿಲ್ಲ. ಎಷ್ಟು ದಿನ ನೆನೆದೇ ಇರುತ್ತದೆ ಎಂಬುದೇ ಮುಖ್ಯ. ಗೆದ್ದಲಿಗೂ ಬೇಕಾದದ್ದು ಇಂಥ ತಂಪು ಮರವೇ.

ಇದೇ ತಪ್ಪು ದೊಡ್ಡವರಿಂದಲೂ ಆಗಿದೆ

ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ವ್ಯಾಂಕೂವರ್ ಎಂಬ ನಗರವಿದೆ. ನಮ್ಮ ಮಲೆನಾಡಿನಷ್ಟಲ್ಲದಿದ್ದರೂ ಅಲ್ಲಿಯೂ ತಿಂಗಳುಗಟ್ಟಲೆ ಜಿಟಿಜಿಟಿ ಮಳೆ. 1980 ಮತ್ತು 90ರ ದಶಕಗಳಲ್ಲಿ ಅಲ್ಲಿ ಮರದ ಚೌಕಟ್ಟಿನ ಸಾವಿರಾರು ವಸತಿ ಮನೆಗಳನ್ನು ಕಟ್ಟಿದರು. ಅಂದಕ್ಕಾಗಿ ಸೂರು ಮೊಟಕು ಮಾಡಿದರು, ಹೊರಗೆ ಸಿಮೆಂಟ್ ಗಿಲಾವು, ಒಳಗೆ ಪ್ಲಾಸ್ಟಿಕ್ ಹಾಳೆ. ಕೆಲವೇ ವರ್ಷಗಳಲ್ಲಿ ಗೋಡೆಗಳು ಒಳಗೊಳಗೇ ಕೊಳೆತವು. ಸಾಲ ಮಾಡಿ ಮನೆ ಕೊಂಡ ಸಾಮಾನ್ಯ ಜನ ಮತ್ತೆ ಸಾಲ ಮಾಡಿ ಗೋಡೆ ಬಿಚ್ಚಿಸಬೇಕಾಯಿತು. ಆ ಪ್ರಾಂತ್ಯದ ಹಿಂದಿನ ಮುಖ್ಯಸ್ಥರಾಗಿದ್ದ ಡೇವ್ ಬ್ಯಾರೆಟ್ ಅವರ ಅಧ್ಯಕ್ಷತೆಯ ಆಯೋಗ 1998ರಲ್ಲಿ ಇದರ ವಿಚಾರಣೆ ನಡೆಸಿತು. ಆಮೇಲೆ ಅಲ್ಲಿ ಬಳಕೆಗೆ ಬಂದ ಮುಖ್ಯ ಪರಿಹಾರ ಬಹಳ ಸರಳ: ಹೊರಹೊದಿಕೆಯನ್ನು ಚೌಕಟ್ಟಿಗೆ ನೇರ ಅಂಟಿಸದೆ, ರೀಪು ಹೊಡೆದು ಸುಮಾರು 10 ಮಿಲಿಮೀಟರ್ ಸಂದು ಬಿಡುವುದು. ಹೊದಿಕೆ ದಾಟಿ ಬಂದ ನೀರು ಆ ಸಂದಿಯಲ್ಲಿ ಕೆಳಗಿಳಿದು ಹೋಗುತ್ತದೆ, ಉಳಿದದ್ದನ್ನು ಅಲ್ಲಿ ಆಡುವ ಗಾಳಿ ಒಣಗಿಸುತ್ತದೆ.

ಮಲೆನಾಡಿನ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಗೋಡೆಯಿಂದ ತುಸು ದೂರಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಮಾಡುವ ಕೆಲಸವೂ ಇದೇ. ಮಳೆಯ ಹೊಡೆತ ತಟ್ಟಿಗೆ, ಗಾಳಿ ಗೋಡೆಗೆ. ದೀಪಾವಳಿ ಕಳೆದ ಮೇಲೆ ತಟ್ಟಿ ಬಿಚ್ಚಿದರೆ ಗೋಡೆಗೆ ಬಿಸಿಲು. ಸೋಗೆ ಕಟ್ಟಿಸಿಕೊಂಡವರನ್ನು ಹಿಂದುಳಿದವರೆಂದು ನೋಡುವ ಅಭ್ಯಾಸ ನಮ್ಮಲ್ಲಿ ಹೇಗೆ ಬಂತೋ ತಿಳಿಯದು.

ನೀರು ಬರುವ ದಾರಿಗಳು

ಮೊದಲನೆಯದು ಮಳೆ. ಸೂರು ಗೋಡೆಯಿಂದ ಎರಡೂವರೆ, ಮೂರು ಅಡಿ ಮುಂದೆ ಬಂದಿದ್ದರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದನ್ನು ಮರೆಯಬೇಡಿ. ಬುಡದ ಒಂದೂವರೆ ಅಡಿ ಗೋಡೆ ಹಾಳಾಗುವುದು ಹೆಚ್ಚಾಗಿ ಈ ಸಿಡಿತದಿಂದ. ಹನಿ ಬೀಳುವ ಸಾಲಿನಲ್ಲಿ ಜಲ್ಲಿ ಹಾಸಿದರೆ ಸಿಡಿತ ತಗ್ಗುತ್ತದೆ.

ಎರಡನೆಯದು ನೆಲದಿಂದ ಏರುವ ತೇವ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮಣ್ಣು, ಇಟ್ಟಿಗೆ, ಮರ ಎಲ್ಲವೂ ನೀರನ್ನು ಮೇಲಕ್ಕೆ ಎಳೆಯುತ್ತವೆ. ಕೊಟ್ಟಿಗೆಯಲ್ಲಿ ಇದಕ್ಕೆ ಗಂಜಲ ಸೇರಿಕೊಳ್ಳುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಪುಡಿ ಅರಳಿದಂತೆ ಕಂಡಿದೆಯೇ? ಗಂಜಲದಿಂದ ಹುಟ್ಟಿದ ಲವಣಗಳು ಅದರಲ್ಲಿರುತ್ತವೆ. ಹಿಂದೆ ಕಂಪನಿ ಸರ್ಕಾರದ ಕಾಲದಲ್ಲಿ ಬಿಹಾರದ ಹಳ್ಳಿಗಳಲ್ಲಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು. ನಮಗೆ ತಿಳಿಯಬೇಕಾದದ್ದು ಇಷ್ಟು: ಇವುಗಳಲ್ಲಿ ಕೆಲವು ಲವಣಗಳು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತವೆ. ಹೀಗಾಗಿ ಉಪ್ಪು ಹತ್ತಿದ ಗೋಡೆ ಮಳೆಯಿಲ್ಲದ ಮೋಡದ ದಿನವೂ ಒದ್ದೆಯಾಗಿರುತ್ತದೆ. ಆ ಪುಡಿಯನ್ನು ಒಣಗಿದ್ದಾಗ ಬ್ರಷ್‌ನಿಂದ ಉದುರಿಸಿ ಹೊರಗೆ ಹಾಕಬೇಕು. ನೀರು ಹಾಕಿ ತೊಳೆದರೆ ಮತ್ತೆ ಗೋಡೆಯೊಳಗೇ ಸೇರುತ್ತದೆ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಹಸುವಿನ ಉಸಿರು. ದೊಡ್ಡ ಹಸುವೊಂದು ದಿನಕ್ಕೆ ಸುಮಾರು ಹತ್ತು ಲೀಟರ್ ನೀರನ್ನು ಉಸಿರು ಮತ್ತು ಚರ್ಮದ ಮೂಲಕ ಆವಿಯಾಗಿ ಬಿಡುತ್ತದೆ. ಐದು ಹಸುಗಳ ಕೊಟ್ಟಿಗೆ ಎಂದರೆ ದಿನಕ್ಕೆ ಹೆಚ್ಚುಕಡಿಮೆ ಐದು ಕೊಡಪಾನದಷ್ಟು ನೀರು ಗಾಳಿಗೆ ಸೇರಿತು. ನೆಲ ತೊಳೆದ ನೀರು, ಗಂಜಲ ಬೇರೆ. 30 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಹಿಡಿಯುವುದು 17 ಗ್ರಾಂ ಮಾತ್ರ. ಉಳಿದದ್ದು ಹನಿಯಾಗಿ ಬೀಳಲೇಬೇಕು. ಚಳಿಗಾಲದ ಬೆಳಗಿನ ಜಾವ ತಗಡಿನ ಒಳಮೈಯಿಂದ ತೊಟ್ಟಿಕ್ಕುವ ನೀರು ಸೋರಿಕೆಯದಲ್ಲ, ಹಸುಗಳ ಉಸಿರಿನದು. ಚಳಿಯೆಂದು ಕೊಟ್ಟಿಗೆಯ ಸುತ್ತ ತಾಡಪತ್ರೆ ಬಿಗಿದರೆ ಇದು ಇಮ್ಮಡಿಯಾಗುತ್ತದೆ. ಛಾವಣಿಯ ನೆತ್ತಿಯಲ್ಲಿ, ಸೂರಿನ ಕೆಳಗೆ ಗಾಳಿಗೆ ಜಾಗ ಬಿಟ್ಟಿರಿ. ಹಸುವಿಗೆ ಚಳಿ ಅಷ್ಟಾಗಿ ಬಾಧಿಸದು, ತೇವದ ಗಾಳಿ ಬಾಧಿಸುತ್ತದೆ.

ಅನುಮಾನವಿದ್ದರೆ ಕರುವಿನ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕುಳಿತು ಎರಡು ನಿಮಿಷ ಉಸಿರಾಡಿ ನೋಡಿರಿ. ಕಣ್ಣು ಚುರುಗುಟ್ಟಿದರೆ ಅದು ಗಂಜಲದಿಂದ ಬರುವ ಅಮೋನಿಯಾ ಅನಿಲ. ನಿಂತವರಿಗೆ ತಿಳಿಯದ ಈ ಗಾಳಿಯನ್ನೇ ಕರು ರಾತ್ರಿಯಿಡೀ ಸೇವಿಸುತ್ತದೆ. ಒದ್ದೆ ನೆಲದ ಮೇಲೆ ಮಲಗಿ ಇಂಥ ಗಾಳಿ ಕುಡಿದ ಕರುವಿಗೆ ನ್ಯುಮೋನಿಯಾ ತಗಲುವುದು ಸುಲಭ.

ಹಿಂಡಿಗೆ ಬೂಷ್ಟು, ಹಾಲಿಗೆ ವಿಷ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಗೋಡೆ ಹಾಳಾದರೆ ಮತ್ತೆ ಕಟ್ಟಬಹುದು. ಆದರೆ ಒದ್ದೆ ಗೋಡೆಗೆ ತಾಗಿದ ಹಿಂಡಿ, ಮುಸುಕಿನ ಜೋಳದ ನುಚ್ಚು, ಪಶು ಆಹಾರದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿ ಈ ವಿಷವನ್ನು ಪತ್ತೆ ಮಾಡಿದರು. ಹಸು ಇದನ್ನು ತಿಂದರೆ ಒಂದು ದಿನದೊಳಗೆ ಅದರ ಒಂದಂಶ ಎಂ-1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ಕಾಯಿಸಿದರೆ ಹೋಗುವುದಿಲ್ಲ, ಪಾಶ್ಚರೀಕರಣಕ್ಕೂ ಬಗ್ಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಿತಿ ಹಾಕಿದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲಿನ ಅರ್ಧ. ಸಂಘದಲ್ಲಿ ಎಲ್ಲರ ಹಾಲೂ ಒಂದೇ ಟ್ಯಾಂಕಿಗೆ ಸೇರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಮಾಧಾನದ ಸಂಗತಿಯೆಂದರೆ, ಬೂಷ್ಟು ಹಿಡಿದ ಆಹಾರ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ಅದರ ಅಂಶ ಇಳಿದುಹೋಗುತ್ತದೆ.

ಬೂಷ್ಟು ಬಂದ ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಿಸಿಲಿಗೆ ಹಾಕಿ ತಿನ್ನಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಬಿಸಿಲಿಗೆ ತೇವ ಆರುತ್ತದೆ. ಆಗಲೇ ಹುಟ್ಟಿದ ವಿಷ ಉಳಿದಿರುತ್ತದೆ. ಅಂಥದ್ದನ್ನು ಕೋಳಿಗೂ ಹಾಕಬೇಡಿ, ಕೋಳಿ ಇದಕ್ಕೆ ಹಸುವಿಗಿಂತ ಬೇಗ ಬಲಿಯಾಗುತ್ತದೆ.

ಪರೀಕ್ಷೆ ಮಾಡುವ ಬಗೆ

ಯಂತ್ರ ಬೇಕಿಲ್ಲ. ಒಂದೂವರೆ ಅಡಿ ಚೌಕದ ತಿಳಿಯಾದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಒಳಮೈಗೆ, ನೆಲದಿಂದ ಒಂದು ಅಡಿ ಮೇಲೆ, ನಾಲ್ಕೂ ಅಂಚು ಬಿಗಿಯಾಗಿ ಮುಚ್ಚುವಂತೆ ಅಂಟಿಸಿರಿ. ಮಣ್ಣಿನ ಗೋಡೆಗೆ ಅಂಟುಪಟ್ಟಿ ಹಿಡಿಯದು, ತೆಳು ರೀಪು ಅದುಮಿ ಮೊಳೆ ಹೊಡೆಯಿರಿ. ಎರಡು ದಿನ ಬಿಟ್ಟು ನೋಡಿರಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನದು. ಹಾಳೆಯ ಮೇಲೆ, ಕೋಣೆಯ ಕಡೆ ಹನಿಯಿದ್ದರೆ ತೇವ ಕೋಣೆಯ ಗಾಳಿಯದು. ಮೊದಲನೆಯದಕ್ಕೆ ಗೋಡೆ ಬಿಚ್ಚಬೇಕು, ಎರಡನೆಯದಕ್ಕೆ ಕಿಟಕಿ ತೆರೆದರೆ ಸಾಕು. ಈ ವ್ಯತ್ಯಾಸ ತಿಳಿಯದೆ ಖರ್ಚು ಮಾಡಿದವರು ಬಹಳ ಜನ.

ದುರಸ್ತಿ

ಮಳೆಗಾಲದ ನಡುವೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸಂಕ್ರಾಂತಿಯ ನಂತರ ಒಳಗಿನ ಹಲಗೆಯ ಕೆಳಭಾಗವನ್ನೂ ಮೇಲೆ ಒಂದು ಸಾಲನ್ನೂ ಬಿಚ್ಚಿ ಗಾಳಿಯಾಡಲು ಬಿಡಿ. ಮುಟ್ಟುವ ಮೊದಲು ಆ ಗೋಡೆಯ ವಿದ್ಯುತ್ ಸಂಪರ್ಕ ತೆಗೆಸಿರಿ. ಒದ್ದೆ ಗೋಡೆಯಲ್ಲಿ ತಂತಿ ಯಾವ ಸ್ಥಿತಿಯಲ್ಲಿದೆಯೋ ಹೇಳಲಾಗದು. ಹಳೆಯ ಆಸ್ಬೆಸ್ಟಾಸ್ ಶೀಟಿದ್ದರೆ ಗರಗಸ ಹಾಕಬೇಡಿ, ಆ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ನೀರು ಚಿಮುಕಿಸಿ, ಒಡೆಯದಂತೆ ಇಡೀ ಶೀಟನ್ನೇ ಇಳಿಸಿರಿ.

ಗೋಡೆ ಒಣಗುವ ತನಕ ಕಾಯುವುದೇ ಕಷ್ಟದ ಕೆಲಸ. ಆಚಾರಿ ಬಂದ ದಿನವೇ ಎಲ್ಲ ಮುಚ್ಚಿ ಮುಗಿಸಬೇಕೆಂಬ ಆತುರ ನಮ್ಮದು. ಶಿವರಾತ್ರಿಯವರೆಗಾದರೂ ತೆರೆದಿಡಿ. ಆಮೇಲೆ ಮೊಳೆ ಒತ್ತಿ ನೋಡಿ, ಮೆತ್ತಗಿರುವ ಮರವನ್ನು, ಕೊಳೆತ ಕಂಡಲ್ಲಿಂದ ಮುಂದೆ ಒಂದು ಅಡಿ ಗಟ್ಟಿ ಮರವನ್ನೂ ಸೇರಿಸಿ ತೆಗೆಯಿರಿ. ಕಂಬದ ಬುಡ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಕೂರಿಸಿರಿ. ಕಲ್ಲಿಗೂ ಮರಕ್ಕೂ ನಡುವೆ ಡಾಂಬರು ಹಾಳೆ ಅಥವಾ ದಪ್ಪ ಪ್ಲಾಸ್ಟಿಕ್ ಹಾಕಿರಿ. ಗೋಡೆಯ ಮೈಗೆ ಬೇಡವೆಂದ ಪ್ಲಾಸ್ಟಿಕ್ ಇಲ್ಲಿ ಬೇಕೇಬೇಕು. ನೆಲದಿಂದ ಮೇಲೇರುವ ನೀರನ್ನು ಅದು ತಡೆಯುತ್ತದೆ, ಗೋಡೆಯ ಉಸಿರನ್ನು ಕಟ್ಟುವುದಿಲ್ಲ.

ಕೊಟ್ಟಿಗೆಯ ಒಳಗೆ ತೊಳೆಯುವ ನೀರು ಸಿಡಿಯುವ ಮೂರು ಅಡಿ ಎತ್ತರದವರೆಗೆ ಕಲ್ಲು ಇಲ್ಲವೇ ಇಟ್ಟಿಗೆ ಗೋಡೆ ಇರಲಿ, ಸಿಮೆಂಟಿಗೆ ಅಲ್ಲಿ ಅಡ್ಡಿಯಿಲ್ಲ. ಚೌಕಟ್ಟು ಅದರ ಮೇಲಿನಿಂದ ಆರಂಭವಾಗಲಿ. ಒಳಮೈಗೆ ಮಣ್ಣು ಅಥವಾ ಸುಣ್ಣದ ಗಾರೆ, ವರ್ಷಕ್ಕೊಮ್ಮೆ ಸುಣ್ಣ. ಎಣ್ಣೆ ಬಣ್ಣ, ಪ್ಲಾಸ್ಟಿಕ್ ಬಣ್ಣ ಬೇಡ. ಹೊರಗೆ ತಗಡು ಹೊಡೆಯುವುದಾದರೆ ಕಂಬಗಳ ಮೇಲೆ ನೆಟ್ಟಗೆ ಒಂದು ಇಂಚಿನ ರೀಪು ಹೊಡೆದು, ರೀಪಿನ ಮೇಲೆ ತಗಡು ಕೂರಿಸಿರಿ. ರೀಪು ಅಡ್ಡಲಾಗಿದ್ದರೆ ನೀರು ಅದರ ಮೇಲೆ ನಿಲ್ಲುತ್ತದೆ. ಕೆಳಗೂ ಮೇಲೂ ಸಂದು ತೆರೆದಿರಬೇಕು. ಇಲಿ, ಹಾವು ಹೊಗದಂತೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಯಿರಿ. ಕೆಳಗಿನ ಸಂದಿಯನ್ನು ಅಸಹ್ಯವೆಂದು ಸಿಮೆಂಟ್ ತುಂಬಿ ಮುಚ್ಚುವ ಮೇಸ್ತ್ರಿಗಳಿದ್ದಾರೆ, ಎದುರಿಗೇ ನಿಂತು ನೋಡಿಕೊಳ್ಳಿ.

ಮರಕ್ಕೆ ಗೆದ್ದಲು ಬಾರದಿರಲೆಂದು ಲಾರಿಯಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ ಬಳಿಯುವುದುಂಟು. ದನ ನೆಕ್ಕುವ ಎತ್ತರದಲ್ಲಿ ಇದನ್ನು ಖಂಡಿತ ಬಳಿಯಬೇಡಿ. ಅದರಲ್ಲಿ ಸೀಸ ಮುಂತಾದ ಲೋಹಗಳಿರುತ್ತವೆ. ಬೊರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಬಿದಿರು, ದಬ್ಬೆಗಳಿಗೆ ಒಳ್ಳೆಯದು. ಆದರೆ ಅದು ನೀರಿನಲ್ಲಿ ತೊಳೆದುಹೋಗುತ್ತದೆ. ಮಳೆ ಬೀಳದ, ದನದ ನಾಲಿಗೆ ತಾಗದ ಒಳಭಾಗಕ್ಕೆ ಮಾತ್ರ ಉಪಯೋಗಿಸಿರಿ.

ಸಂಘದ ಆಡಳಿತ ಮಂಡಳಿಯವರಿಗೆ ಒಂದು ಮಾತು. ಚೌಕಟ್ಟಿನ ಗೋಡೆಯ ತಂಪು ಕೋಣೆ ಕಟ್ಟಿಸುವುದಾದರೆ ಲೆಕ್ಕ ಬೇರೆ. ಆವಿ ಯಾವಾಗಲೂ ಬಿಸಿ ಕಡೆಯಿಂದ ತಂಪಿನ ಕಡೆಗೆ ನುಗ್ಗುತ್ತದೆ. ಕೆನಡಾದಲ್ಲಿ ಮನೆಯ ಒಳಗೆ ಬಿಸಿ, ಅದಕ್ಕೆ ಅವರು ಆವಿ ತಡೆಯುವ ಹಾಳೆಯನ್ನು ಒಳಗೆ ಹಾಕುತ್ತಾರೆ. ನಮ್ಮ ತಂಪು ಕೋಣೆಗೆ ಹೊರಗೆ ಬಿಸಿ, ಹಾಳೆ ಹೊರಮೈಯ ಕಡೆಗೇ ಇರಬೇಕು. ಹೊರದೇಶದ ನಕ್ಷೆಯನ್ನು ಹಾಗೆಯೇ ಇಳಿಸಿದರೆ ಗೋಡೆಯ ನಡುವಿನ ಥರ್ಮಕೋಲ್ ನೆನೆದು ಕರೆಂಟ್ ಬಿಲ್ ಏರುತ್ತದೆ.

ಮೇಲೆ ಹೇಳಿದ ಸದಸ್ಯರು ಪ್ಲಾಸ್ಟಿಕ್ ತೆಗೆಸಿ, ಹೊರಗಿನ ಗಿಲಾವು ಕೆಡವಿ, ರೀಪಿನ ಮೇಲೆ ತಗಡು ಹೊಡೆಸಿದ್ದಾರೆ. ಒಳಗೆ ಮತ್ತೆ ಮಣ್ಣು, ಸುಣ್ಣ. ಎರಡು ಕಂಬ ಹೊಸದು. ಚೀಲಗಳು ಈಗ ನೆಲದಿಂದ ಅರ್ಧ ಅಡಿ ಎತ್ತರದ ಮರದ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಇವೆ. ಆ ಸಂದಿಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನಡೆದು ಗೋಡೆ ಮುಟ್ಟಿ ನೋಡಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವರ ಮನೆಯಾಕೆ ಹಾಗೆ ನೋಡಿ ಬರುತ್ತಾರೆ.